ದಾರಿಯಲ್ಲಿರುವವರ ಪಾಲಿನ ರೊಟ್ಟಿ

ನೀಲಮ್ಮ ಅಕ್ಕೋರು ದಿನಾ ಒಂದು ರೊಟ್ಟಿ ಹೆಚ್ಚು ಬಡಿಯುತ್ತಿದ್ದರು. ಅದು ಪುಸ್ತಕದೊಳಗಿನವರಿಗೆ.

ಸವಣೂರಿನ ಕನ್ನಡ ಶಾಲೆಯ ಶಿಕ್ಷಕಿಯಾಗಿ ನಿವೃತ್ತರಾದ ಮೇಲೆ ನಮ್ಮ ಗೋಡೆಯಾಚೆಯ ಬಾಡಿಗೆ ಮನೆಯಲ್ಲಿ ಕುಳಿತು ಅವರು ಓದುತ್ತಿದ್ದದ್ದು ಒಂದೇ ನಮೂನೆಯ ಪುಸ್ತಕ: ಯುದ್ಧ, ಕ್ರಾಂತಿ, ಊರು ಬಿಟ್ಟು ಓಡಿದವರ ಕಥೆ. ಲೈಬ್ರರಿಯಲ್ಲಿ ಅಂಥವು ಮುಗಿದರೆ ಮತ್ತೆ ಮೊದಲಿನಿಂದ. ಆ ರೊಟ್ಟಿಯನ್ನು ಮಧ್ಯಾಹ್ನ ನಮ್ಮ ಎಮ್ಮೆ ತಿನ್ನುತ್ತಿತ್ತು. ಶಿವ ಯಾರ ಹೆಸರಲ್ಲಿ ಯಾರಿಗೆ ಉಣಿಸುತ್ತಾನೋ, ನಾನು ಕೇಳಲು ಹೋಗಲಿಲ್ಲ.

ಒಂದು ಸೋಮವಾರ ನನ್ನ ಜೊತೆ ಗುಡಿಗೆ ಬಂದು, ಆಗ ಓದುತ್ತಿದ್ದ ಪುಸ್ತಕದ ಹೆಣ್ಣುಮಗಳೊಬ್ಬಳ ಹೆಸರಲ್ಲಿ ಅಭಿಷೇಕಕ್ಕೆ ಹೇಳಿದರು.

"ಯಾವ ಊರ್ರಿ?" ಎಂದರು ಪೂಜೆಯ ಅಯ್ನೋರು.

"ಊರು ಇತ್ತ್ರಿ. ಈಗಿಲ್ಲ, ಸುಟ್ಟಾರ."

ಅಯ್ನೋರು ಸಂಕಲ್ಪದಲ್ಲಿ "ಸವಣೂರು" ಎಂದೇ ಹೇಳಿ ಲಿಂಗದ ಮೇಲೆ ನೀರು ಹಾಕಿದರು.

ಮನೆಗೆ ಯಾರೇ ಬರಲಿ, ಚಹಾದ ಜೊತೆ ಅಕ್ಕೋರದೊಂದು ಪ್ರಶ್ನೆ. "ಊರು ಬಿಡಾಕ ಹತ್ತು ನಿಮಿಷ ಅದಾವ. ಏನ್ ತಗೋತಿ?"

"ಪೂಜಿ ಜಗಲಿ ಮ್ಯಾಲಿನ ದೇವರ್ನ ತಗೋತೇನ್ರಿ" ಎಂದಿದ್ದೆ ನಾನು.

"ದೇವ್ರು ನಿನ್ನ ಹಿಂದ ತಾನ ಬರ್ತಾನವಾ. ಕಟ್ಟಿದ ಎಮ್ಮಿ ಬರೂದಿಲ್ಲ. ಮೊದಲ ಅದನ್ನ ಬಿಚ್ಚು."

ನಮ್ಮ ಮನೆಯವರು ಮೊಬೈಲ್ ಚಾರ್ಜರ್ ಎಂದರು. ಅಕ್ಕೋರು ನಾಪಾಸು ಮಾಡಿದರು.

ಹೋದ ವರ್ಷ ಮನೆಯ ಮಾಲಕರು ಮಗನ ಮದುವೆಗೆ ಮನೆ ಬೇಕೆಂದರು. ಅಕ್ಕೋರು ಅಲ್ಲಿ ಮೂವತ್ತು ವರ್ಷ ಇದ್ದವರು. ಹಿರೇಕೆರೂರಿನ ತಂಗಿ ಟೆಂಪೊ ಕಳಿಸಿದರು. ಅಲ್ಲಿ ಇವರಿಗಿದ್ದದ್ದು ಒಂದು ಸಣ್ಣ ಖೋಲಿ. ಎಲ್ಲ ಸಾಮಾನು ಹಿಡಿಸುವಂತಿರಲಿಲ್ಲ. ಡ್ರೈವರ್ ಹಾರ್ನ್ ಹೊಡೆಯುತ್ತಿದ್ದ. ಅಕ್ಕೋರು ಪಡಸಾಲೆಯ ನಡುವೆ ನಿಂತಿದ್ದರು, ಎರಡೂ ಕೈ ಖಾಲಿ.

"ಗೌರವ್ವಾ, ಹತ್ತು ನಿಮಿಷ ಅಂತಾನವಾ. ಏನ್ ತಗೊಳ್ಲಿ?"

ಇಷ್ಟು ವರ್ಷ ಓಣಿಗೆಲ್ಲ ಪರೀಕ್ಷೆ ಇಟ್ಟವರು. "ನೀವು ಹತ್ರಿ ಅಕ್ಕೋರ, ಸಾಮಾನು ನಾ ಕೊಡ್ತೇನಿ" ಎಂದೆ. ಕೈಹಿಡಿದು ಹತ್ತಿಸಿದೆ. ಟ್ರಂಕು, ಹಾಸಿಗೆ, ಕನ್ನಡಕದ ಡಬ್ಬಿ ಕೊಟ್ಟೆ. ಮಳೆ ಬರಲಿಲ್ಲ, ಅದೊಂದು ಪುಣ್ಯ.

ಟೆಂಪೊ ಹೋದ ಮೇಲೆ ಒಳಗೆ ಬಂದು ನೋಡಿದರೆ ಒಲೆಯ ಮೇಲೆ ಹಂಚು ಇನ್ನೂ ಬಿಸಿಯಿತ್ತು. ಪಕ್ಕದಲ್ಲಿ ಅರ್ಧ ಓದಿದ ಲೈಬ್ರರಿ ಪುಸ್ತಕ, ಬಟ್ಟೆ ಮುಚ್ಚಿದ ಒಂದು ರೊಟ್ಟಿ.

ಸಂಜೆ ಫೋನು ಮಾಡಿದೆ. "ಹಂಚು ಬಿಟ್ಟು ಹೋಗೀರಿ. ಕಳಸ್ಲೇನ್ರಿ?"

"ಬ್ಯಾಡವಾ, ಇಲ್ಲಿ ತಂಗೀದೈತಿ. ಪುಸ್ತಕ ನೀನ ಓದು. ಅದರಾಗಿನ ಹೆಣ್ಮಗಳು ಇನ್ನೂ ಗಡಿ ದಾಟಿಲ್ಲ. ದಾಟೂತನಕ ಆಕಿ ರೊಟ್ಟಿ ಬಡಿ."

ನಾನು ಹೆಚ್ಚು ಓದಿದವಳಲ್ಲ. ಪೂಜೆ ಮುಗಿದ ಮೇಲೆ ದಿನಕ್ಕೆ ಎರಡು ಪುಟ, ಅವರ ಹಂಚಿನ ಮೇಲೆ ಒಂದು ರೊಟ್ಟಿ. ಹೋದ ತಿಂಗಳು ಆಕೆ ಗಡಿ ದಾಟಿದಳು. ಶಿವನಿಗೆ ಕೈಮುಗಿದು ಪುಸ್ತಕವನ್ನು ಲೈಬ್ರರಿಗೆ ಕೊಟ್ಟು ಬಂದೆ.

ಅಕ್ಕೋರು ಮಾತ್ರ ಇನ್ನೂ ಟ್ರಂಕು ಬಿಚ್ಚಿಲ್ಲವೆಂದು ಅವರ ತಂಗಿ ಹೇಳಿದರು. ಹಂಚನ್ನು ನಾನು ಇನ್ನೂ ಒಲೆಯಿಂದ ಇಳಿಸಿಲ್ಲ, ದಿನಾ ಒಂದು ರೊಟ್ಟಿ ಹೆಚ್ಚು ಬಡಿಯುತ್ತೇನೆ.