ಒಂದು ಲೆನ್ಸ್, ಎರಡು ಕ್ಯಾಮರಾ ಮತ್ತು ಸರ್ ಆಡಿದ ಪಂದ್ಯ

ನನ್ನ ಟೆಲಿ ಜೂಮ್ ಲೆನ್ಸನ್ನು ಮೂರು ವರ್ಷ ಅನ್ಯಾಯವಾಗಿ ಬೈದೆ. ಓಡುವವರ ಮೇಲೆ ಫೋಕಸ್ ಕೂರುವಷ್ಟರಲ್ಲಿ ಅವರು ಓಡಿ ಮುಗಿಸಿರುತ್ತಿದ್ದರು. ಲೆನ್ಸ್ ಗುರ್ ಎಂದು ಮುಂದೆ ಹೋಗಿ, ಹಿಂದೆ ಬಂದು, ಮತ್ತೆ ಮುಂದೆ ಹೋಗುತ್ತಿತ್ತು. ಪಾಲಿಬೆಟ್ಟದ ಕಾಫಿ ಎಸ್ಟೇಟೊಂದರಲ್ಲಿ ಲೆಕ್ಕ ಬರೆಯುವ ರೈಟರ್ ಆಗಿರುವ ಗೆಳೆಯ ಅದೇ ಲೆನ್ಸನ್ನು ತನ್ನ ಹೊಸ ಮಿರರ್‌ಲೆಸ್ ಕ್ಯಾಮರಾಕ್ಕೆ ಹಾಕಿ, ಹಾರುವ ಗಿಳಿಯನ್ನು ಸಲೀಸಾಗಿ ಹಿಡಿದು ತೋರಿಸಿದ. ತಪ್ಪು ನನ್ನ ಹಳೆಯ ಕ್ಯಾಮರಾದ್ದು ಎಂದು ಆಗ ಗೊತ್ತಾಯಿತು. ಹೊಟ್ಟೆ ಉರಿಯಿತು.

ಅದೇ ವಾರ ನಾಪೋಕ್ಲಿನಿಂದ ನನ್ನ ಹೈಸ್ಕೂಲಿನ ಪಿ.ಟಿ. ಮಾಸ್ಟರ ಫೋನ್ ಬಂತು. ಕೊಡವ ಮನೆತನಗಳ ಹಾಕಿ ಪಂದ್ಯಾವಳಿಯಲ್ಲಿ ಅಜ್ಜ, ಸೊಸೆ, ಮೊಮ್ಮಗಳು ಒಂದೇ ತಂಡದಲ್ಲಿ ಆಡುವುದುಂಟು. ಎಪ್ಪತ್ತು ದಾಟಿದ ಸರ್ ಕೂಡ ಹೆಸರು ಕೊಟ್ಟಿದ್ದರು.

"ಮಂಡಿ ಕೇಳ್ತಾ ಇಲ್ಲ ಮಾರಾಯ, ಇದೇ ಕೊನೆ. ಇಷ್ಟು ವರ್ಷ ಆಡಿ, ಆಡ್ತಾ ಇರೋ ಫೋಟೋ ಒಂದೂ ಇಲ್ಲ. ಸ್ಟಿಕ್ ಹಿಡ್ಕೊಂಡು ನಿಂತಿರೋದು ಬೇಡ, ಅದು ಬೇಕಾದಷ್ಟು ಉಂಟು."

ಗೆಳೆಯನನ್ನು ಕಾಡಿಬೇಡಿ ಹೊಸ ಕ್ಯಾಮರಾ ತಂದೆ. ಅದಕ್ಕಿದ್ದದ್ದು ಒಂದೇ ಬ್ಯಾಟರಿ. ಹಾಗಾಗಿ ಸರ್ ಮೈದಾನಕ್ಕಿಳಿಯುವವರೆಗೆ ನನ್ನದರಲ್ಲೇ ತೆಗೆದೆ. ಮಾಮೂಲಿನಂತೆ ಅರ್ಧಕ್ಕರ್ಧ ಹಾಳು. ಪಂದ್ಯ ಮುಗಿಯಲು ಹತ್ತು ನಿಮಿಷವಿದ್ದಾಗ ಸರ್ ಇಳಿದರು. ನಾನು ಲೆನ್ಸನ್ನು ಬಿಚ್ಚಿ ಹೊಸ ಕ್ಯಾಮರಾಕ್ಕೆ ಹಾಕಿದೆ.

ಚೆಂಡು ಅವರ ಕಡೆ ಬಂದದ್ದು ಒಂದೇ ಸಲ. ಸರ್ ಓಡಿದರು, ನಿಜವಾಗಿಯೂ ಓಡಿದರು. ಎದುರಾಳಿಯೊಬ್ಬನನ್ನು ತಪ್ಪಿಸಿ ಮೊಮ್ಮಗಳಿಗೆ ಪಾಸ್ ಕೊಟ್ಟರು. ನಾನು ಬಟನ್ ಒತ್ತಿಯೇ ಹಿಡಿದಿದ್ದೆ. ಫೋಕಸ್ಸಿನ ಹಸಿರು ಚೌಕ ತಟ್ಟನೆ ಕೂತದ್ದು ಕಂಡು ಹಿಗ್ಗಿದೆನೇ ಹೊರತು, ಅದು ಎಲ್ಲಿ ಕೂತಿದೆ ಎಂದು ನೋಡಲಿಲ್ಲ.

ಕೂತದ್ದು ಮೈದಾನದಾಚೆ, ಗದ್ದೆಯಲ್ಲಿ ದನದ ಪಕ್ಕ ನಿಂತಿದ್ದ ಬೆಳ್ಳಕ್ಕಿಯ ಮೇಲೆ. ಎಲ್ಲ ಫೋಟೋಗಳಲ್ಲೂ ಅದರ ಗರಿ ಎಣಿಸಬಹುದಿತ್ತು. ಸರ್ ಬರೀ ಮಸುಕು.

ಗೆಳೆಯನಿಗೆ ಫೋನ್ ಮಾಡಿ ಕೂಗಾಡಿದೆ.

"ನಾನು ಫೋಕಸ್ಸನ್ನು ಹಕ್ಕಿಗೆ ಇಟ್ಟಿದ್ದೆ ಮಾರಾಯ. ಮನುಷ್ಯರಿಗೆ ಬದಲಾಯಿಸ್ಕೊಳ್ಳೋದಲ್ವಾ?" ಎಂದ.

ಮೆನುವಿನಲ್ಲಿ ಒಂದು ಸಾಲು, ಅಷ್ಟೇ. ಕ್ಯಾಮರಾವನ್ನು ಗದ್ದೆಗೆ ಎಸೆಯಬೇಕೆನಿಸಿತು. ನನ್ನದಲ್ಲವಲ್ಲ, ಸುಮ್ಮನಾದೆ.

ಸರ್ ಮಂಡಿಗೆ ಐಸ್ ಕಟ್ಟಿಕೊಂಡು ಕುಂಟುತ್ತಾ ಬಂದು ಕೈ ಚಾಚಿದರು. ಮುಚ್ಚಿಡಲು ದಾರಿಯಿರಲಿಲ್ಲ, ಕ್ಯಾಮರಾ ಕೊಟ್ಟೆ. ಒಂದೊಂದೇ ಫೋಟೋ ಸರಿಸಿ ನೋಡಿದರು. ಹೈಸ್ಕೂಲಿನಲ್ಲಿ ನಿಂತ ಹಾಗೆ ಬೈಗುಳಕ್ಕೆ ಕಾದು ನಿಂತೆ.

"ಈ ಮಸುಕು ಇರೋದು ನಾನಾ?"

"ಹೌದು ಸರ್."

"ಅಲ್ಲ ಮಾರಾಯ, ಈ ಮಂಡಿ ಇಟ್ಕೊಂಡು, ಇಂಥ ಹೊಸ ಕ್ಯಾಮರಾಕ್ಕೂ ಸಿಕ್ಕದ ಹಾಗೆ ಓಡಿದ್ನಾ ನಾನು?"

ಹಕ್ಕಿಯ ವಿಷಯ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡು ತಲೆಯಾಡಿಸಿದೆ.

"ಹಾಗಾದ್ರೆ ಇದನ್ನೇ ದೊಡ್ಡದು ಮಾಡಿಸಿ ಫ್ರೇಮ್ ಹಾಕಿಸು," ಎಂದರು ಸರ್.