ಅಂಗೈ ತಿರುಗುವ ತನಕ

ಅಕ್ಕವ್ವಾ, ತಮ್ಮಣ್ಣಾ, ನೀವಿಬ್ಬರೂ ಮೂಡಲಗಿಯಿಂದ ಬಂದಾಗಲೆಲ್ಲ ನನ್ನ ಎಡಗೈ ಮಣಿಕಟ್ಟಿನ ಹೊಲಿಗೆಯ ಗೆರೆಯನ್ನು ಸವರಿ, ‘ಆಯಿ, ಒಳಗ ಖರೇನ ಉಕ್ಕಿನ ಪಟ್ಟಿ ಐತೇನು?’ ಎಂದು ಕೇಳುತ್ತೀರಿ. ನಾನು ಹೂಂ ಎನ್ನುತ್ತೇನೆ, ಅಷ್ಟೇ. ಬಾಯಿಬಿಟ್ಟು ಹೇಳುವುದು ನನಗೆ ಎಂದೂ ಬಂದಿಲ್ಲ. ಊರ ಶಾಲೆಯಲ್ಲಿ ಕಲಿತ ನಾಲ್ಕು ಅಕ್ಷರ ಇವೆ, ಅವುಗಳಲ್ಲೇ ಹೇಳುತ್ತೇನೆ.

ಘೋಡಗೇರಿಯ ನಮ್ಮ ಹಿತ್ತಿಲಲ್ಲಿ ಎಮ್ಮೆಗೆ ನೀರು ಕುಡಿಸಿ ಬರುವಾಗ ಪಾಚಿಗಲ್ಲಿನ ಮೇಲೆ ಕಾಲು ಜಾರಿತು. ಎಡಗೈ ಊರಿದೆ. ಮಣಿಕಟ್ಟು ಸೊಟ್ಟಗೆ ನಿಂತಿತು. ನಿಮ್ಮ ಮಾಮಾ, ಅತ್ತಿ, ಅಂದರೆ ನನ್ನ ಮಗ, ಸೊಸೆ ಇಬ್ಬರೂ ಸೇರಿ ಗೋಕಾಕಿನ ಆಸ್ಪತ್ರೆಗೆ ಕರೆದುಕೊಂಡು ಹೋದರು. ಎಲುಬು ಚೂರಾಗಿದೆ, ಆಪರೇಷನ್ ಮಾಡಿ ಪಟ್ಟಿ ಕೂಡಿಸಬೇಕು ಎಂದರು ಡಾಕ್ಟರು.

ಒಳಗೆ ಕರೆದೊಯ್ಯುವ ಮುಂಚೆ ನರ್ಸಬಾಯಿ ನನ್ನ ಕೊರಳು ನೋಡಿ, ‘ಅದನ್ನ ತಗದ ಕೊಡ್ರಿ’ ಎಂದಳು. ಕರಡಿಗೆಯನ್ನು ಬಿಚ್ಚಿ ಸೊಸೆಯ ಕೈಗೆ ಕೊಟ್ಟೆ. ಆದರೆ ಅದರೊಳಗಿನ ಲಿಂಗವನ್ನು ಬಟ್ಟೆಯಲ್ಲಿ ಸುತ್ತಿ ಬಲಮುಷ್ಟಿಯಲ್ಲಿ ಹಿಡಿದುಕೊಂಡೆ. ‘ಇದು ಮೈಮ್ಯಾಲಿಂದ ತಗಿಯಾಂಗಿಲ್ರಿ’ ಎಂದು ಮುಷ್ಟಿಯನ್ನು ಎದೆಗೊತ್ತಿಕೊಂಡೆ. ಡಾಕ್ಟರು ಬಂದು, ‘ಬಲತೋಳಿಗೆ ಕಟ್ರಿ ಅದನ್ನ. ನಮ್ಮವ್ವನೂ ಹಿಂಗ ಹಟಾ ಮಾಡತಿದ್ಲು’ ಎಂದು ನಕ್ಕರು.

ನಾವು ಲಿಂಗಪೂಜೆ ಮಾಡುವುದು ಎಡ ಅಂಗೈಯ ಮೇಲೆ. ನಿಮ್ಮ ಅಜ್ಜ ಹೋದ ಮೇಲೆ ಅದೊಂದೇ ಹೊತ್ತು ನಾನು ಯಾರ ಅಂಜಿಕೆಯೂ ಇಲ್ಲದೆ ಮಾತಾಡುವ ಹೊತ್ತು. ಕಟ್ಟು ಬಿಚ್ಚಿದ ಮೇಲೆ ನೋಡಿದರೆ ಬೆರಳು ಆಡುತ್ತಿದ್ದವು, ಆದರೆ ಅಂಗೈ ಗೋಡೆಗೆ ಮುಖ ಮಾಡಿ ನಿಂತಿತ್ತು. ಎಷ್ಟು ಮಾಡಿದರೂ ಮೇಲಕ್ಕೆ ತಿರುಗಲೊಲ್ಲದು. ಬಲಗೈಯಲ್ಲಿ ಇಟ್ಟುಕೊಳ್ಳಲು ಮನಸ್ಸು ಒಪ್ಪಲಿಲ್ಲ. ಲಿಂಗ ನೆಲಕ್ಕೆ ಬಿದ್ದರೆ ಏನು ಗತಿ ಎಂದು ನಮ್ಮ ಹಿರಿಯರು ಹೆದರಿಸಿದ್ದು ಮನಸ್ಸಿನಲ್ಲಿ ಕುಳಿತಿತ್ತು.

ಆದರೂ ತಡೆಯಲಾಗಲಿಲ್ಲ. ಒಂದು ಮುಂಜಾನೆ ಬಾಗಿಲು ಎಳೆದುಕೊಂಡು ಎಡಗೈ ಒಡ್ಡಿ ಲಿಂಗ ಇಟ್ಟೆ. ವಾಲಿತು, ಜಾರಿತು, ನನ್ನ ಉಡಿಯಲ್ಲಿ ಬಿತ್ತು. ಎತ್ತಿಕೊಳ್ಳಲು ಕೈ ಬರಲಿಲ್ಲ, ಹಾಗೇ ಕುಳಿತೆ. ಸೊಸೆ ಬಾಗಿಲು ನೂಕಿದಳು.

‘ಯಾಕ್ರಿ ಅತ್ತಿ, ಮಾರಿ ಹಿಂಗ್ಯಾಕ ಆಗೇತಿ?’

‘ಲಿಂಗಪ್ಪ ಬಿದ್ದನವಾ.’

‘ಎಲ್ಲಿ ಬಿದ್ದಾನ?’

‘ಉಡಿಯಾಗ.’

‘ಉಡಿಯಾಗಿನ ಕೂಸಿಗೆ ಯಾರರ ಬಿದ್ದೈತಿ ಅಂತಾರೇನ್ರಿ?’ ಎಂದು ನನ್ನ ಮಗ್ಗುಲಲ್ಲೇ ಕುಳಿತಳು. ಎತ್ತಿಕೊಡಲಿಲ್ಲ, ಮುಟ್ಟಲೂ ಇಲ್ಲ. ನಾನೇ ಎತ್ತಿಕೊಳ್ಳುವ ತನಕ ಕಾದಳು.

ಕೈಗೆ ವ್ಯಾಯಾಮ ಕಲಿಸುತ್ತಿದ್ದವಳು ಗೋಕಾಕಿನ ಆಸ್ಪತ್ರೆಯ ಒಬ್ಬ ಚಿಕ್ಕ ಹೆಣ್ಣುಮಗಳು. ಮುಂದಿನ ಸಲ ಹೋದಾಗ ನಾನು ಜಂಬದಿಂದ ಅಂಗೈ ಮೇಲೆ ಮಾಡಿ ತೋರಿಸಿದೆ. ಅವಳು ನನ್ನನ್ನು ಒಂದು ಸುತ್ತು ಬಂದು ನೋಡಿದಳು.

‘ಆಯಿ, ಅಂಗೈ ತಿರಗಿಲ್ಲ. ಹೆಗಲಾ ತಿರಿಗ್ಯಾವು, ಸೊಂಟಾ ತಿರಿಗೇತಿ. ನನಗ ಮೋಸ ಮಾಡಾಕತ್ತೀರಿ.’

ಮೊಣಕೈ ಮತ್ತು ಪಕ್ಕೆಯ ನಡುವೆ ಒಂದು ಟವೆಲು ಸಿಗಿಸಿದಳು. ‘ಇದು ಬೀಳದಂಗ ತಿರಗಿಸ್ರಿ. ಬಿತ್ತಂದ್ರ ಲೆಕ್ಕಕ್ಕಿಲ್ಲ.’ ಟವೆಲು ಇದ್ದಾಗ ಅಂಗೈ ಅಲುಗಲೇ ಇಲ್ಲ. ಅವಳು ಕೇಳಿದಳು: ‘ಈ ಕೈಲೆ ಮೊದಲ ಏನ್ ಮಾಡಬೇಕು ಅಂತ ಆಸೆ ಐತಿ ನಿಮಗ? ರೊಟ್ಟಿ ಬಡೀಬೇಕೇನು?’ ನಾನು ಸೆರಗು ಸರಿಮಾಡಿಕೊಂಡು ನೆಲ ನೋಡಿದೆ. ಸೊಸೆಯೇ ಹೇಳಿದಳು, ‘ಲಿಂಗಪೂಜಿ ಮಾಡಬೇಕ್ರಿ ಅವರಿಗೆ. ಅದು ಇಲ್ಲದ ಉಂಡದ್ದು ಮೈಗೆ ಹತ್ತವಲ್ದು.’

ಆ ಹುಡುಗಿ ನಗಲಿಲ್ಲ. ‘ಹಂಗಾರ ಮೊದಲ ನಿಂಬಿಹಣ್ಣು ಇಟ್ಟು ರೂಢಿ ಮಾಡ್ರಿ. ನಿಂಬಿಹಣ್ಣು ಬಿದ್ರ ಪಾಪಾ ಇಲ್ಲ’ ಎಂದಳು. ಮುಷ್ಟಿಯಲ್ಲಿ ಲಟ್ಟಣಿಗೆಯ ಒಂದು ತುದಿ ಹಿಡಿದು, ಅದರ ಭಾರಕ್ಕೆ ಕೈಯನ್ನು ಮೆಲ್ಲಗೆ ಹೊರಗೆ ವಾಲಿಸುವುದನ್ನೂ ತೋರಿಸಿಕೊಟ್ಟಳು.

ಮನೆಯಲ್ಲಿ ಅದೇ ಕೆಲಸವಾಯಿತು. ಬಿಸಿನೀರಲ್ಲಿ ಕೈ ಅದ್ದುವುದು, ಟವೆಲು ಸಿಗಿಸುವುದು, ಲಟ್ಟಣಿಗೆ ಹಿಡಿದು ಕಟ್ಟೆಯ ಮೇಲೆ ಕೂರುವುದು. ‘ಒಳಗ ಕುಂದರ್ರಿ ಅತ್ತಿ. ಲಟ್ಟಣಿಗಿ ಹಿಡಕೊಂಡು ಹೊರಗ ಕುಂತ್ರ, ಸೊಸಿಗೆ ಬಡಿಯಾಕ ಕುಂತಾರ ಅಂತ ಓಣ್ಯಾಗ ಅಂದಾರು’ ಎನ್ನುತ್ತಿದ್ದಳು ಸೊಸೆ. ನೋವಿಗೆ ಕಣ್ಣೀರು ಬರುತ್ತಿದ್ದರೂ ನಗು ಬರುತ್ತಿತ್ತು. ನಿಂಬೆಹಣ್ಣು ಉರುಳಿ ಉರುಳಿ ಎಮ್ಮೆಯ ಕಾಲಡಿಗೆ ಹೋಗುತ್ತಿತ್ತು. ಕೆಲವು ದಿನ ಇದು ಇಷ್ಟೇ ಎಂದು ಮನಸ್ಸು ಕೈಬಿಡುತ್ತಿತ್ತು. ಆದರೆ ಗೋಡೆ ನೋಡುತ್ತಿದ್ದ ಅಂಗೈ ಬರಬರುತ್ತ ತೊಲೆಯ ಕಡೆ ಮುಖ ಎತ್ತತೊಡಗಿತು.

ಕಬ್ಬು ಕಡಿಯುವ ಸುಗ್ಗಿ ಶುರುವಾದಾಗ ಒಂದು ಮುಂಜಾನೆ ನಿಂಬೆಹಣ್ಣು ಕೈಯಲ್ಲಿ ನಿಂತಿತು. ಟವೆಲು ಬೀಳಲಿಲ್ಲ. ಸೊಸೆ ರೊಟ್ಟಿಯ ಹಿಟ್ಟು ಬಿಟ್ಟು ಕೈ ತೊಳೆದು ಬಂದಳು.

‘ಇವತ್ತ ಮಾಡ್ರಿ ಪೂಜಿ.’

‘ಬ್ಯಾಡವಾ, ನಾಳೆ ನೋಡೂನು.’

‘ನಾಳೆ ಅನ್ನೂದು ನಿಂಬಿಹಣ್ಣಿಗೆ ಗೊತ್ತೇನ್ರಿ? ಕುಂದರ್ರಿ.’

ನನ್ನೆದುರು ಕುಳಿತು, ನನ್ನ ಕೈಯ ಕೆಳಗೆ ತನ್ನ ಸೆರಗು ಹಾಸಿದಳು. ಬೇರೆಯವರ ಮುಂದೆ ನಾನು ಎಂದೂ ಪೂಜೆಗೆ ಕುಳಿತವಳಲ್ಲ. ಆ ದಿನ ಅವಳನ್ನು ಹೋಗೆನ್ನಲು ಮನಸ್ಸಾಗಲಿಲ್ಲ. ವಿಭೂತಿ ಹಚ್ಚಿಕೊಂಡು, ಉಸಿರು ಹಿಡಿದು, ಲಿಂಗವನ್ನು ಅಂಗೈ ಮೇಲಿಟ್ಟೆ. ಅದು ಹೆಬ್ಬೆರಳಿನ ಬುಡಕ್ಕೆ ತುಸು ವಾಲಿ ಕುಳಿತುಕೊಂಡಿತು. ಬಲಗೈಯಿಂದ ನೀರು ಬಿಟ್ಟೆ, ಪತ್ರಿ ಏರಿಸಿದೆ. ಅಲುಗಲಿಲ್ಲ. ಎಷ್ಟೋ ದಿನದಿಂದ ಹೇಳುವುದು ಉಳಿದಿತ್ತು, ಎಲ್ಲ ಹೇಳಿಕೊಂಡೆ. ಕಣ್ಣು ತೆರೆದಾಗ ಸೊಸೆಯೂ ತನ್ನ ಲಿಂಗವನ್ನು ಅಂಗೈಯಲ್ಲಿ ಹಿಡಿದು ಕಣ್ಣು ಮುಚ್ಚಿ ಕುಳಿತಿದ್ದಳು. ಒಲೆಯ ಮೇಲೆ ಹಂಚು ಕಾದು ಹೊಗೆಯಾಡುತ್ತಿತ್ತು. ನಾನು ಅವಳನ್ನು ಎಬ್ಬಿಸಲಿಲ್ಲ.

ಈಗಲೂ ಅಂಗೈ ಪೂರ್ತಿ ಸಮವಾಗುವುದಿಲ್ಲ, ಆದರೆ ನನ್ನ ಪೂಜೆಗೆ ಸಾಕಾಗುತ್ತದೆ. ಈಗ ಮುಂಜಾನೆ ನಾವಿಬ್ಬರೂ ಕೂಡಿಯೇ ಕುಳಿತುಕೊಳ್ಳುತ್ತೇವೆ. ಮಕ್ಕಳೇ, ಈ ಹಾಳೆಗಳನ್ನು ನಿಮ್ಮವ್ವನ ಟ್ರಂಕಿನಲ್ಲಿ, ಒಳ್ಳೆಯ ಸೀರೆಗಳ ಮಡಿಕೆಯೊಳಗೆ ಇಡಿರಿ. ನೀರು ತಾಗದಿರಲಿ, ಇಲಿ ಮುಟ್ಟದಿರಲಿ.