ಕಡಿದಾದ ದಾರಿಯ ಸುಳ್ಳು

ಸಿಂಗಾಪುರವೆಂಬ ಹಳ್ಳಿಯ ಸೊಣ್ಣಪ್ಪ ಯಶವಂತಪುರದ ಬೋಲ್ಟು ಕಾರ್ಖಾನೆಯೊಂದರಲ್ಲಿ ಪ್ಯಾಕಿಂಗ್ ಕೆಲಸಕ್ಕಿದ್ದ. ಬಾಯಿ ತುಂಬ ಮಾತು. ಯಾರ ಮನೆಯ ಸಾವು, ಮದುವೆ ಎಂದರೂ ಮೊದಲು ಹೋಗಿ ನಿಲ್ಲುವವನು. ಅಂಥವನು ಹೆಂಡತಿ ಮುನಿಗಂಗಮ್ಮನನ್ನು ಮಾತ್ರ ಕಾರ್ಖಾನೆಯವರ ಕಣ್ಣಿಗೆ ಬೀಳದಂತೆ ನೋಡಿಕೊಂಡಿದ್ದ. ಚಿಕ್ಕಂದಿನಲ್ಲಿ ಪೋಲಿಯೊ ಬಂದು ಆಕೆಯ ಎಡಗಾಲು ಸಣಕಲಾಗಿತ್ತು. ಮಂಡಿಗೆ ಕೈ ಊರಿ, ಒಂದು ಕಡೆ ವಾಲಿ ನಡೆಯುತ್ತಿದ್ದಳು. ಹಾಗೆ ನಡೆದೇ ದಿನಾ ಎಮ್ಮೆ ಹೊಡೆದುಕೊಂಡು ಕೆರೆಯ ಆಚೆ ದಡದವರೆಗೂ ಹೋಗಿಬರುತ್ತಿದ್ದಳು.

ಎಪ್ಪತ್ತೊಂಬತ್ತರ ಕಾರ್ತೀಕದಲ್ಲಿ ಕಾರ್ಖಾನೆಯವರೆಲ್ಲ ಸಂಸಾರ ಸಮೇತ ಆನೇಕಲ್ ಹತ್ತಿರದ ಮುತ್ಯಾಲ ಮಡುವಿಗೆ ಹೊರಟರು. ಮುನಿಗಂಗಮ್ಮ ಜಲಪಾತ ನೋಡಿದವಳಲ್ಲ. ಹಸಿರು ಸೀರೆ ತೆಗೆದಿಟ್ಟುಕೊಂಡಳು.

"ನಿನ್ ಕೈಲಿ ಆಗಕಿಲ್ಲ ಕಣಮ್ಮಿ," ಎಂದ ಸೊಣ್ಣಪ್ಪ, ಚಪ್ಪಲಿಯ ಬಾರು ಸರಿಮಾಡುವ ನೆಪದಲ್ಲಿ ತಲೆ ಬಗ್ಗಿಸಿ. "ಬಾರಿ ಕಡಿದಾದ ದಾರಿಯಂತೆ. ಬಂಡೆ ಇಡ್ಕೊಂಡು ಇಳೀಬೇಕಂತೆ."

"ಅಂಗಾದ್ರೆ ಬ್ಯಾಡ ಬುಡು. ನೀನಾರ ಉಸಾರಾಗಿ ಓಗ್ಬಾ," ಎಂದು ಹತ್ತು ಜನಕ್ಕಾಗುವಷ್ಟು ಚಿತ್ರಾನ್ನ ಕಟ್ಟಿಕೊಟ್ಟಳು.

ಅಲ್ಲಿ ನೋಡಿದರೆ ಅಗಲವಾದ ಮೆಟ್ಟಿಲುಗಳು. ಮಕ್ಕಳು ಓಡಿಕೊಂಡು ಇಳಿಯುತ್ತಿದ್ದವು. ಜೊತೆಗೆ ಕೆಲಸ ಮಾಡುವ ನೂರುಲ್ಲಾನ ತಾಯಿ ಕನೀಜ್, ಎಪ್ಪತ್ತು ದಾಟಿದ ಮುದುಕಿ, ಕೋಲೂರಿಕೊಂಡು ಇಳಿದು ನೀರಿಗೆ ಕಾಲು ಬಿಟ್ಟು ಕೂತಿದ್ದರು.

"ನಿನ್ನ ಹೆಂಡ್ತಿ ಯಾಕೆ ಬರ್ಲಿಲ್ಲಪ್ಪ?" ಎಂದು ಕೇಳಿದರು.

"ಮೈ ಸರಿಯಿಲ್ಲ ಅವಳಿಗೆ."

"ಅಯ್ಯೋ! ಮೈ ಸರಿಯಿಲ್ದೇನೇ ಇಷ್ಟೆಲ್ಲ ಅನ್ನ ಕಲಸಿ ಕಳ್ಸಿದಾಳಾ?"

ಸೊಣ್ಣಪ್ಪ ಚಿತ್ರಾನ್ನದ ಗಂಟನ್ನು ಪಕ್ಕದವರ ಕಡೆ ಸರಿಸಿದ.

ಸಂಜೆ ಮನೆಗೆ ಬಂದಾಗ ಮುನಿಗಂಗಮ್ಮ ಹರಳೆಣ್ಣೆ ಕಾಯಿಸಿಟ್ಟಿದ್ದಳು. "ಬಂಡೆ ಅತ್ತಿ ಇಳ್ದು ಕಾಲೆಲ್ಲ ನೋವಲ್ಲಿ ಪದ ಏಳ್ತಿರ್ಬೇಕು," ಎಂದು ಅವನ ಮಂಡಿಗೆ ತಿಕ್ಕಿದಳು. ಕಣ್ಣು ಮುಚ್ಚಿ ತಿಕ್ಕಿಸಿಕೊಂಡ.

ಮುಂದಿನ ಭಾನುವಾರ ನೂರುಲ್ಲಾ ತಾಯಿಯನ್ನು ಕರೆದುಕೊಂಡು, ಬ್ರೆಡ್ಡು, ಮೋಸಂಬಿ ಹಿಡಿದು, ಕಾಯಿಲೆಯವಳನ್ನು ನೋಡಲು ಬಂದೇಬಿಟ್ಟ. ಮುನಿಗಂಗಮ್ಮ ಮಂಡಿಗೆ ಕೈಯೂರಿ ಹೊರಗೆ ಬಂದಳು. ಸೊಣ್ಣಪ್ಪ ಎಮ್ಮೆಯ ಹಗ್ಗ ಬಿಚ್ಚುವುದೋ ಕಟ್ಟುವುದೋ ತಿಳಿಯದೆ ನಿಂತ.

"ಈಗ ಮೈ ಹೆಂಗಿದೆಯಮ್ಮ?" ಎಂದರು ಕನೀಜ್. "ನೀನು ಬರ್ಬೇಕಿತ್ತು. ಒಳ್ಳೇ ಮೆಟ್ಲು ಮಾಡವ್ರೆ. ನಾನೇ ಇಳ್ದೆ ನೋಡು."

ಮುನಿಗಂಗಮ್ಮ ಗಂಡನನ್ನು ಒಮ್ಮೆ ನೋಡಿದಳು. "ಊಂ, ಜರ ಬಂದಿತ್ತು. ಈಗ ವಾಸಿ," ಎಂದು ಟೀ ಕಾಯಿಸಲು ಒಳಗೆ ಹೋದಳು.

ಅವರು ಹೋದ ಮೇಲೆ ಸೊಣ್ಣಪ್ಪ ಒಲೆಯ ಮುಂದೆ ಕುಕ್ಕರಿಸಿದ. "ತಪ್ಪಾಯ್ತು."

"ನನ್ ಕಾಲು ಕಂಡ್ರೆ ನಿಂಗೆ ನಾಚ್ಕೆ ಅಂತ ಮದ್ವೆಯಾದಾಗ್ಲೇ ಗೊತ್ತು," ಎಂದಳು. "ಅದ್ಕಲ್ಲ. ಸುಳ್ಳೇಳಿ ಬಂದು ನನ್ ಕೈಲೇ ಎಣ್ಣೆ ತಿಕ್ಕುಸ್ಕೊಂಡ್ಯಲ್ಲ, ಅದ್ಕೆ ಒಟ್ಟೆ ಉರೀತದೆ."

ನಾಲ್ಕು ತಿಂಗಳು ಅವಳದು ಎಷ್ಟು ಬೇಕೋ ಅಷ್ಟೇ ಮಾತು. ಕೊನೆಗೆ ಯುಗಾದಿ ಕಳೆದು ಒಂದು ವಾರಕ್ಕೆ, ಅವನು ಅಂಗಲಾಚಿದ ಮೇಲೆ, ಮುನಿಗಂಗಮ್ಮ ಅವನ ಜೊತೆ ಮುತ್ಯಾಲ ಮಡುವಿಗೆ ಬಸ್ಸು ಹತ್ತಿದಳು. ಮೆಟ್ಟಿಲ ಬಳಿ ಅವನು ಚಾಚಿದ ಕೈ ಹಿಡಿಯಲಿಲ್ಲ. "ದಾರಿ ಬುಡು," ಎಂದು ತಾನೇ ಇಳಿದಳು. ಬೇಸಿಗೆಯ ನೀರು ಬಂಡೆಯ ಮೇಲೆ ದಾರದಷ್ಟೇ ಸಣ್ಣಗೆ ಜಾರುತ್ತಿತ್ತು. ಸೀರೆಯನ್ನು ಮಂಡಿಯವರೆಗೆ ಎತ್ತಿ ಆ ಎಡಗಾಲನ್ನೇ ನೀರಿಗೆ ಒಡ್ಡಿ ಕೂತು, "ಎಷ್ಟು ತಣ್ಣಗದೆ," ಎಂದು ನಕ್ಕಳು.

ಸೊಣ್ಣಪ್ಪ ಯಾರಾದರೂ ನೋಡುತ್ತಿದ್ದಾರೆಯೇ ಎಂದು ಸುತ್ತ ಕಣ್ಣಾಡಿಸಿದ. ಕಣ್ಣಾಡಿಸಿದ್ದು ತಿಳಿದೊಡನೆ ಅವನ ಮುಖ ಕಾವೇರಿತು. ಪಂಚೆ ಎತ್ತಿಕೊಂಡು ಅವಳ ಪಕ್ಕ ಕೂತ. ತಲೆಯೆತ್ತಿ ಅವಳ ಮುಖ ನೋಡಲು ಮಾತ್ರ ಆಗಲಿಲ್ಲ.